ಅಂಬಿಗ ಸತ್ತಾನ, ಬುತ್ತಿ ಕಟ್ರಿ

ನಮ್ಮ ಗ್ರೂಪ್‌ನ್ಯಾಗ ವಾರಕ್ಕೊಮ್ಮಿ ಇಂಥಾದ್ದೊಂದು ಆಗೇ ಆಗತೈತ್ರಿ. ಆಗಲಿಲ್ಲಂದ್ರ ನನಗ ಇನ್ನಾ ಜಾಸ್ತಿ ಅಂಜಿಕಿ, ಯಾಕ ಏನೂ ಆಗವಲ್ದು, ಎಲ್ಲಾರೂ ಸಿಟ್ಟಾಗ್ಯಾರೇನ, ಯಾರರ ಬಿಟ್ಟ ಹೊಂಟಾರೇನ ಅಂತ!

ಮೊದಲ ಆಟ ಏನಂತ ಹೇಳತೇನಿ ತಡೀರಿ. ಇದರಾಗ ಚಿತ್ರ ಇಲ್ಲ, ಗುಂಡ ಹಾರಸೋದಿಲ್ಲ, ಬರೇ ಮೊಬೈಲ್‌ನ್ಯಾಗ ಬರಿಯೋದು. ಐದು ತಾಲೂಕಿನ ಐದು ಮಂದಿ, ಹಳೇ ಕಾಲದ ಒಂದು ರಾಜ್ಯ, ಕೃಷ್ಣಾ ಹೊಳಿ ದಂಡಿಗುಂಟ ಒಂದು ಪೆಟ್ಟಿಗಿ ಹೊತಗೊಂಡು ಹೊಂಟೇವಿ. ಪೆಟ್ಟಿಗ್ಯಾಗ ಏನೈತಿ ಅಂತ ನನಗೂ ಗೊತ್ತಿಲ್ಲ, ಬರಕೋತ ಹೋದ್ರ ಗೊತ್ತಾದೀತು. ಒಬ್ಬೊಬ್ರಿಗೆ ಒಂದೊಂದು ಪಾತ್ರ. ನಿಪ್ಪಾಣಿ ಹುಡುಗಿ ಔಷಧ ಕೊಡೋ ವೈದ್ಯೆ. ರಾಯಬಾಗದಾಂವ ಕುರಿ ಕಾಯೋ ವೀರ. ಅಥಣಿಯಾಂವ ಬಿಲ್ಲುಗಾರ. ಉಗಾರ ಬುದ್ರುಕದ ಹುಡುಗಿ ಮುದುಕ ಅಂಬಿಗ, ಇಪ್ಪತ್ತೊಂದು ವರ್ಷದಾಕಿ ಎಂಬತ್ತು ವರ್ಷದ ಮುದುಕನ ಹಂಗ ಎಷ್ಟ ಛಂದ ಬರೀತಾಳ್ರಿ, ಓದಿದ್ರ ಕೆಮ್ಮು ಕೇಳಸತೈತಿ! ನಾ ಚಿಕ್ಕೋಡಿಯಾಕಿ, ಸೇನಾಪತಿ. ಕತಿ ನಡಸಾಕೀನೂ ನಾನ, ಅದಕ್ಕ ಎಲ್ಲಾರೂ ಅಡ್ಮಿನ್ ಅಂತಾರ.

ನಾ ಒಂದು ಚಸ್ಮಾದ ಅಂಗಡ್ಯಾಗ ಕೆಲಸಾ ಮಾಡತೇನಿ. ಮಧ್ಯಾಹ್ನ ಎರಡರಿಂದ ನಾಕರ ತನಕ ಯಾರೂ ಬರಂಗಿಲ್ಲ, ಆವಾಗ ನಮ್ಮ ಆಟ. ಒಬ್ಬರ ಮಾರಿ ಒಬ್ರು ನೋಡಿದ್ದಿಲ್ಲ, ಆದ್ರ ಈ ನಾಕ ಮಂದಿ ಬಿಟ್ರ ನನ್ನ ಜೋಡಿ ಇಷ್ಟ ಮಾತಾಡೋರು ಯಾರೂ ಇಲ್ಲ ನೋಡ್ರಿ. ಅದಕ್ಕ ಒಂದ ಒಂದು ಅಂಜಿಕಿ ನನಗ: ಗ್ರೂಪ್‌ನ್ಯಾಗ ಸಣ್ಣ ಅಕ್ಷರದಾಗ ‘ಇವರು ಗ್ರೂಪ್ ಬಿಟ್ಟರು’ ಅಂತ ಬರತೈತಲ್ಲ, ಆ ಸಾಲು. ಒಬ್ರು ಹೋದ್ರ ಕತಿ ನಿಂತಹೋಕ್ಕೈತಿ, ಉಳದವ್ರೂ ಹೋಕ್ಕಾರ. ಮತ್ತ ಜಗಳ ಬರೋದು ಯಾವಾಗ್ಲೂ ಒಂದಕ್ಕ: ಕತಿ ಎಷ್ಟ ಖರೇ ಇರಬೇಕು? ಖರೇ ಕಡಿಮಿ ಆದ್ರ ‘ಇದೇನ ಸಣ್ಣ ಹುಡುಗೂರ ಆಟ’ ಅಂತಾರ. ಖರೇ ಜಾಸ್ತಿ ಆದ್ರ… ಅದನ್ನ ಹೇಳಾಕನ ಕುಂತೇನಿ.

೧. ಮುಳುಗಲಾರದ ಸೂರ್ಯಾ

ರಾಯಬಾಗದಾಂವ ಒಂದ ನಿಯಮಾ ತಂದಾ: ಎರಡ ಹೊತ್ತ ಊಟಾ ತಪ್ಪಿದ್ರ ಪಾತ್ರದ ಶಕ್ತಿ ಅರ್ಧಾ. ಖರೇ ಅನಸತೈತಿ ಅಂತ ನಾನೂ ಹೂಂ ಅಂದ್ನಿ. ಅವತ್ತ ಮಧ್ಯಾಹ್ನದ ಊಟದ ಹೊತ್ತಿಗೆ ಕತ್ಯಾಗ ಕಳ್ಳರು ಬಂದ್ರು, ಯಾರೂ ಉಣಲಿಲ್ಲ. ಮುಂದ ನಾ ಭಾಳ ಛಂದ ಮಾಡಿ ಬರದ್ನಿ: ‘ಸೂರ್ಯ ಮುಳುಗಿದ. ಗುಡ್ಡಗಳು ಕಪ್ಪಾದವು. ಐವರೂ ಬೆಂಕಿಯ ಸುತ್ತ ಕುಳಿತು ರೊಟ್ಟಿ ಮುರಿದರು.’

ಆಟದ ಹೊರಗಿನ ಮಾತು ಕಂಸದಾಗ ಬರಿಯೋದು ನಮ್ಮ ಪದ್ಧತಿ. ನಿಪ್ಪಾಣಿ ಹುಡುಗಿ ಕಂಸಾ ಹಾಕಿ ಬರದ್ಲು: ‘ನಾ ಉಣ್ಣೂದಿಲ್ಲ.’

‘ಯಾಕ?’

‘ನಾವು ಜೈನರು ಅಲ್ಲೇನ್ರಿ, ಹೊತ್ತ ಮುಳುಗಿದ ಮ್ಯಾಲ ಹೆಂಗ ಉಣ್ಣಲಿ?’

‘ಅಯ್ಯ, ಉಣ್ಣಾಕಿ ನೀ ಅಲ್ಲ, ವೈದ್ಯೆ!’

‘ವೈದ್ಯೆ ಬಾಯಾಗ ತುತ್ತ ಇಡೋ ಕೈಬಟ್ಟ ನಂದಲ್ಲೇನ್ರಿ?’

ಉಣಲಿಲ್ಲಂದ್ರ ಎರಡನೇ ಹೊತ್ತು ತಪ್ಪತೈತಿ, ಶಕ್ತಿ ಅರ್ಧಾ, ಮರದಿನಾ ಹುಲಿ ಬರೂದೈತಿ, ಈಕಿ ಸಾಯ್ತಾಳ, ಸತ್ರ ಗ್ರೂಪ್ ಬಿಡತಾಳ! ತಟ್ನ ಮೆಸೇಜ್ ಅಳಿಸಿ ಮತ್ತ ಬರದ್ನಿ: ‘ಸೂರ್ಯ ಇನ್ನೂ ಗುಡ್ಡದ ಮೇಲೆ ಇದ್ದ.’ ಆಕಿ ಊಟಾ ಚಾಲೂ ಮಾಡಿದ್ಲು. ಅಥಣಿಯಾಂವ ಕಂಸದಾಗ, ‘ಊಟಾ ಆತಲ್ರಿ, ಈಗ ಮುಳುಗಸ್ರಿ’ ಅಂದಾ. ‘ತಡೀರಿ, ಇನ್ನ ನೀರ ಕುಡದಿಲ್ಲ’ ಅಂದ್ಲು ನಿಪ್ಪಾಣಿಯಾಕಿ, ಅಷ್ಟ ಅಂದು ಆಫ್‌ಲೈನ್ ಆಗಿಬಿಟ್ಲು! ಎಲ್ಲಿ ಹೋದ್ಲು? ಸಾಂಗ್ಲಿಗೆ, ಮಾಮಾನ ಮಗಳ ಮದಿವಿಗೆ. ನೀರ ಕುಡಿಯೂತನಕ ಸೂರ್ಯಾನ್ನ ಮುಳುಗಸೋ ಧೈರ್ಯ ಯಾರಿಗೂ ಇಲ್ಲ.

ಮೂರನೇ ದಿನಾ ರಾಯಬಾಗದಾಂವ ಬರದಾ: ‘ಅಡ್ಮಿನ್ ಅವರ, ಮೂರ ದಿನಾತು ಕತ್ತಲಾಗಿಲ್ಲ, ನನ್ನ ಕುರಿ ಇನ್ನೂ ಮೇಯಾಕತ್ತಾವ. ಹೊಟ್ಟಿ ಒಡದು ಸತ್ರ ಜವಾಬ್ದಾರಿ ಯಾರ್ರಿ?’

೨. ಚಪ್ಲಿ

ಅಥಣಿಯಾಂವನ ಮನ್ಯಾಗ ಮೂರ ತಲಿಯಿಂದ ಚಪ್ಲಿ ಮಾಡತಾರ. ನಮ್ಮ ಹಿಂದ ವೈರಿ ಸೈನ್ಯಾ ಬೆನ್ನ ಹತ್ತಿತ್ತು, ಕತಿ ಹಂಗ ಓಡಾಕತ್ತಿತ್ತು, ನಾ ಬರದ್ನಿ, ‘ಒಂಬತ್ತು ದಿನ ಎಡೆಬಿಡದೆ ನಡೆದರು.’

‘ಕಾಲಾಗ ಏನ ಹಾಕ್ಕೊಂಡಿದ್ರು?’ ಕಂಸದಾಗ ಬಂತು.

‘ಚಪ್ಲಿ.’

‘ಹೊಸಾವೋ ಹಳೇವೋ?’

ನಾ ಏನರ ಒಂದ ಹೇಳಬೇಕಲ್ಲ ಅಂತ ‘ಹೊಸಾವು’ ಅಂದ್ನಿ. ತಪ್ಪಾತು ನೋಡ್ರಿ! ಹೊಸ ಚಪ್ಲಿ ಒಂಬತ್ತ ದಿನಾ ಹಾಕ್ಕೊಂಡು ನಡದ್ರ ಹಿಮ್ಮಡ ಏನಾಕ್ಕೈತಿ ಗೊತ್ತೇನ್ರಿ, ಮೊದಲ ಎಣ್ಣಿ ಕುಡಸಬೇಕು, ಎರಡ ದಿನಾ ನೆರಳಾಗ ಇಡಬೇಕು, ಅಂತ ಇಷ್ಟುದ್ದ ಬರದಾ. ಮಾಡಲಿಲ್ಲಂದ್ರ ನನ್ನ ಬಿಲ್ಲುಗಾರ ಒಂದ ಹೆಜ್ಜಿ ಮುಂದ ಇಡಂಗಿಲ್ಲ, ನಾನೂ ಗ್ರೂಪ್‌ನ್ಯಾಗ ಇರಂಗಿಲ್ಲ ಅಂದಾ. ಆತಪ್ಪಾ, ಎರಡ ದಿನಾ ಗಿಡದ ಕೆಳಗ ಕುಂತು ಎಣ್ಣಿ ಹಚ್ಚಿದ್ವಿ.

‘ಅಲ್ಲೋ ಮಾರಾಯಾ,’ ಅಂದ್ನಿ, ‘ಹಿಂದ ಸೈನ್ಯಾ ಬರಾಕತ್ತೈತಿ, ಹಿಡೀತಾರಲ್ಲ!’

‘ಹೆಂಗ ಹಿಡೀತಾರ್ರಿ? ಅವರೂ ಚಪ್ಲಿನ ಹಾಕ್ಕೊಂಡಾರಲ್ಲ, ಅವರಿಗೂ ಎರಡ ದಿನಾ ಬೇಕು.’

೩. ಟವಲ್ ಕೆಳಗಿನ ಕುದರಿ

ಇಷ್ಟೆಲ್ಲಾ ಖರೇ ಆಗಿ ಕತಿ ರುಚಿನ ಹೋಗೇತಿ, ಒಂಚೂರು ಮಾಯಾ ಮಂತ್ರ ಇರಲಿ ಅಂತ ನಾ ಒಂದ ರೆಕ್ಕಿ ಕುದರಿ ತಂದ್ನಿ. ಬೆಳ್ಳಗ, ಹಾಲಿನಂಗ. ಒಬ್ಬ ಸಾಧು ಅದನ್ನ ಮಾರಾಕ ನಿಂತಾನ. ಸಾಧುನೂ ನಾನ ಬರಿಯಾಕಿ. ಎಲ್ಲಾರೂ ‘ಆಹಾ’ ಅಂತಾರ ಅಂತ ಕಾಯ್ಕೋತ ಕುಂತ್ನಿ.

ರಾಯಬಾಗದಾಂವ ಕೇಳಿದಾ, ‘ಹಲ್ಲ ಎಷ್ಟ?’

ಅವರಪ್ಪ ದನದ ಸಂತ್ಯಾಗ ದಲ್ಲಾಳಿ. ಇವನೂ ಸಣ್ಣಾಂವ ಇದ್ದಾಗಿಂದ ದನದ ಬಾಯಿ ತಗದು ನೋಡಿದಾಂವ. ರೆಕ್ಕಿ ಕುದರಿಗೆ ಹಲ್ಲ ಎಷ್ಟಿರತಾವ ಅಂತ ನಾ ಎಂದ ಯೋಚನೆ ಮಾಡೇನ್ರಿ? ‘ನಾಕು’ ಅಂದ್ನಿ. ಸುಳಿ ಎಲ್ಲೈತಿ ಅಂದಾ, ಬೆನ್ನಮ್ಯಾಲ ಅಂದ್ನಿ. ರೆಕ್ಕಿ ಬುಡಕ್ಕ ಸುಳಿ ಇದ್ರ ಮಾಲಕಗ ಆಗಿಬರೂದಿಲ್ಲ ಅಂದಾ. ಇದನ್ನ ಇವಗ ಯಾರ ಹೇಳಿದ್ರೋ! ಕಡೀಕ ಸಾಧು, ‘ಏನು ಕೊಡುವಿ?’ ಅಂತ ಕೇಳಿದಾ.

‘ಮಂದ್ಯಾಗ ಹೇಳತಾರೇನ್ರಿ? ಟವಲ್ ಹಾಕ್ರಿ.’

ಸಂತ್ಯಾಗ ನೋಡೀರಲ್ಲ, ದಲ್ಲಾಳಿಗೋಳು ಕೈಮ್ಯಾಲ ಟವಲ್ ಮುಚ್ಚಿ ಒಳಗ ಬಟ್ಟ ಹಿಡದು ವ್ಯವಹಾರ ಮಾಡೋದು, ಹೊರಗಿನವ್ರಿಗೆ ಗೊತ್ತಾಗಬಾರದು. ಗ್ರೂಪ್‌ನ್ಯಾಗ ಟವಲ್ ಎಲ್ಲಿಂದ ತರಲಿ? ಅಷ್ಟ್ರಾಗ ಗ್ರೂಪ್ ಬಿಟ್ಟು ನನಗೊಬ್ಬಾಕಿಗೇ ಅವನ ಮೆಸೇಜ್ ಬಂತು: ‘ಟವಲ್ ಹಾಕೇನಿ.’ ಅದರ ಹಿಂದ ಒಂದು ಬಟ್ಟಿನ ಚಿತ್ರ. ಆಮ್ಯಾಲ ಎರಡು ಬಟ್ಟ. ನಾ ಮೂರ ಬಟ್ಟ ಕಳಿಸಿದ್ನಿ. ಅವಾ ಮತ್ತ ಒಂದ. ಒಂದ ತಾಸ ಹಿಂಗ ನಡೀತು.

ಗ್ರೂಪ್‌ನ್ಯಾಗ ಉಳದ ಮೂರ ಮಂದಿ ಬಾಯಿ ಬಿಟಗೊಂಡು ಕುಂತಾರ. ‘ಏನ ನಡದೈತಿ?’ ‘ಟವಲ್ ಕೆಳಗ ಕೈ ಅದಾವ’ ಅಂತ ನಾ ಬರದ್ನಿ. ಉಗಾರದಾಕಿಗೆ ಸಂಶಯ ಬಂತು. ‘ಅಡ್ಮಿನ್ ಅಕ್ಕಾ, ನೀವಿಬ್ರ ಒಳಗೊಳಗ ಏನ ಮಾತಾಡಾಕತ್ತೀರಿ? ನಾವೇನ ಹೊರಗಿನವ್ರಾ? ಹಂಗಿದ್ರ ನಾ ಹೊಕ್ಕೇನಿ.’ ಯವ್ವಾ! ತಡಾನ ಮಾಡಲಿಲ್ಲ, ಸಾಧುನ ಕಡಿಂದ ಅವಾ ಕೇಳಿದ್ದಕ್ಕ ಕುದರಿ ಕೊಡಿಸಿಬಿಟ್ನಿ. ಹೋಗಲಿ, ಇನ್ನರ ಕುದರಿ ಹಾರತೈತಿ, ಗ್ರೂಪ್‌ನ್ಯಾಗ ಖುಷಿ ಆಕ್ಕಾರ ಅಂತ.

ರಾಯಬಾಗದಾಂವ ಗ್ರೂಪ್‌ನ್ಯಾಗ ಹೆಮ್ಮಿಲೆ ಬರದಾ: ‘ಕುದರಿ ತಗೊಂಡ್ನಿ. ಮೊದಲ ರೆಕ್ಕಿ ಕತ್ತರಸತೇನಿ, ಇಲ್ಲಂದ್ರ ಹಾರಿ ಹೋಕ್ಕೈತಿ.’

೪. ಕವಡಿ

ಆಮ್ಯಾಲ ದೊಡ್ಡ ಜಗಳಾ ಆತು. ಅಥಣಿಯಾಂವ ಅಂದಾ, ‘ಹಲ್ಲ ಎಣಸಿದ್ರ, ಎಣ್ಣಿ ಹಚ್ಚಿದ್ರ ಖರೇ ಆಗೂದಿಲ್ರಿ. ಆರ ತಿಂಗಳಾತು, ಒಬ್ರರ ಸತ್ತಾರೇನ? ಯಾವ ಊರಾಗ ಯಾರೂ ಸಾಯಂಗಿಲ್ಲ?’ ಎಲ್ಲಾರೂ ಹೌದಂದ್ರು, ಉಗಾರದಾಕಿನೂ ಹೌದಂದ್ಲು. ಯಾರ ಸಾಯಬೇಕಂತ ನಾ ಠರಾಯಿಸಿದ್ರ ಪಕ್ಷಪಾತ ಅಂತಾರ, ಅದಕ್ಕ ಕವಡಿ ಹಾಕೋದಂತ ಆತು. ಗಂಡಾಂತರ ಬಂದಾಗ ನಾಕ ಕವಡಿ ಹಾಕೋದು, ಫೋಟೋ ತಗದು ಗ್ರೂಪ್‌ಗೆ ಕಳಸೋದು, ನಾಕೂ ಬೋರಲ ಬಿದ್ರ ಸಾವು. ನಮ್ಮ ಮನ್ಯಾಗ ಚೌಕಾಬಾರಾ ಆಡಬೇಕಾದ್ರ ನಾಕೂ ಬೋರಲ ಬೀಳೋದ ಕಂಡದ್ದ ಅಪರೂಪ ನಾನು, ಅದಕ್ಕ ಧೈರ್ಯಾ ಮಾಡಿ ಬರದಿದ್ನಿ.

ಅಂಬಿಗ ನಮ್ಮನ್ನೆಲ್ಲಾ ಹೊಳಿ ದಾಟಸೋ ದಿನಾ, ಮೊದಲ ಪಾಳಿ ಅವಂದ. ಅಂಗಡಿ ಕಾಚಿನ ಟೇಬಲ್ ಮ್ಯಾಲ ಕವಡಿ ಹಾಕಾಕ ಕೈ ಎತ್ತೇನಿ, ಒಬ್ರು ಮುದುಕ್ರು ಓದೋ ಚಸ್ಮಾ ಬೇಕಂತ ಬಂದ್ರು.

‘ಇಲ್ಲೆ ಕವಡಿ ಶಾಸ್ತ್ರಾನೂ ಹೇಳತೀರೇನವಾ?’

‘ಇಲ್ರಿ ಅಜ್ಜಾರ, ಅಂಬಿಗ ಉಳೀತಾನೋ ಇಲ್ಲೋ ನೋಡಾಕತ್ತೇನಿ.’

‘ಅಯ್ಯ ಪಾಪ, ಯಾವೂರಾಂವ?’ ಅಂತ ಸ್ಟೂಲ್ ಎಳಕೊಂಡು ಕುಂತ್ರು. ‘ಹಾಕು, ಹಾಕು, ದೇವರ ನೆನಸಿ ಹಾಕು.’

ಹಾಕಿದ್ನಿ. ಒಂದು ಬೋರಲು. ಎರಡು ಬೋರಲು. ಮೂರನೇದ್ದು ಬೋರಲು. ನಾಕನೇದ್ದು ಗಿರಗಿರ ತಿರುಗಿ, ಅಂಗಾತ ಬಿದ್ದಂಗ ಮಾಡಿ, ಬೋರಲ! ನಂಗ ಕಣ್ಣಾಗ ನೀರ ಬಂದ್ವು. ಮುದುಕ್ರು ಕವಡಿ ನೋಡಿದ್ರು, ನನ್ನ ಮಾರಿ ನೋಡಿದ್ರು, ಮೆಲ್ಲಕ ಎದ್ದ ನಿಂತ್ರು.

‘ಚಸ್ಮಾ ನಾಳಿ ಒಯ್ತೇನವಾ. ಇವತ್ತ ನಿಮ್ಮ ಅಂಗಡಿ ದಿನಾ ಛಲೋ ಇಲ್ಲ.’

೫. ಬುತ್ತಿ

ಮಾತ ಕೊಟ್ಟಿದ್ವಿ, ಕವಡಿ ಬಿದ್ದಂಗ ಬರಿಯಬೇಕಲ್ಲ. ಅತ್ಕೋತ ಬರದ್ನಿ: ಹೊಳಿಗೆ ಮಹಾಪೂರಾ ಬಂತು, ನಾವಿ ಮುಗಚಿತು, ನಾಕ ಮಂದಿ ಈಸಿ ದಂಡಿಗೆ ಬಂದ್ರು, ಅಂಬಿಗ ಮುಳುಗಿ ಸತ್ತಾ. ಉಗಾರದಾಕಿ ಓದಿದ್ಲು, ಎರಡ ನೀಲಿ ಗೆರಿ ಬಂದ್ವು. ಉತ್ತರ ಇಲ್ಲ. ಮರದಿನಾ ಇಲ್ಲ. ಮೂರ ದಿನಾ ಇಲ್ಲ. ಫೋನ್ ಹಚ್ಚಿದ್ರ ಎತ್ತವಲ್ಲಳು. ಗ್ರೂಪ್ ಬಿಟ್ಟಿಲ್ಲ, ಇದ್ದಂಗೂ ಇಲ್ಲ. ನಾ ತಾಸಿಗೊಮ್ಮಿ ತಗದು ನೋಡಿದ್ನಿ, ಆ ಸಣ್ಣ ಸಾಲು ಬಂದೈತೇನ ಅಂತ. ಊಟಾ ಸೇರಲಿಲ್ಲ, ಒಬ್ರಿಗೆ ಎಡಗಣ್ಣಿನ ಕಾಚು ಬಲಗಣ್ಣಿಗೆ ಹಾಕಿ ಕೊಟ್ನಿ.

ಆರನೇ ದಿನಾ ಅಥಣಿಯಾಂವ ಬರದಾ: ‘ಸತ್ತ ಮನಿಗೆ ಹೋಗಿ ಮಾತಾಡಿಸಿ ಬರೋದು ಒಂದ ರೀತಿ ಐತಲ್ರಿ. ನಾವು ಹೋಗೇ ಇಲ್ಲ.’

ಎಲ್ಲಾರೂ ನಗೋ ಚಿತ್ರಾ ಹಾಕಿದ್ವಿ. ಆಮ್ಯಾಲ ರಾಯಬಾಗದಾಂವ: ‘ಬರಿಗೈಲೆ ಹೋಗಬಾರದು. ಬುತ್ತಿ ಒಯ್ಯಬೇಕು.’

ನಮ್ಮ ಕಡೆ ಸತ್ತವರ ಮನ್ಯಾಗ ಒಲಿ ಹಚ್ಚೂದಿಲ್ಲ, ಬೀಗರು ಬಿಜ್ಜರು ಅಡಗಿ ಕಟಗೊಂಡು ಹೋಕ್ಕಾರ, ಅದ ಬುತ್ತಿ. ನಾ ಅವ್ವಗ, ‘ಉಗಾರದಾಗ ಒಬ್ಬ ಅಜ್ಜಾ ತೀರಕೊಂಡಾನ, ಬುತ್ತಿ ಬೇಕಾಗೇತಿ’ ಅಂದ್ನಿ. ಅವ್ವ ಯಾರು ಏನಂತ ಕೇಳಲಿಲ್ಲ, ಇಪ್ಪತ್ತ ರೊಟ್ಟಿ ಬಡದ್ಲು, ಅನ್ನಾ ಸಾರು ಮಾಡಿ ಡಬ್ಬಿ ತುಂಬಿದ್ಲು. ‘ವಯಸ್ಸಾಗಿತ್ತಾ?’ ‘ಎಂಬತ್ತು.’ ‘ಹಾಸಿಗಿ ಹಿಡದು ನರಳದ ಹೋದ್ನಲ್ಲ, ಪುಣ್ಯಾತ್ಮ’ ಅಂತ ಕಣ್ಣ ಒರಸಿಕೊಂಡ್ಲು. ನಾ ಮಾರಿ ಆ ಕಡೆ ತಿರುವಿ ಬುತ್ತಿ ಗಂಟ ಕಟ್ಟಿದ್ನಿ.

ಮರದಿನಾ ರವಿವಾರ ಮುಂಜಾನಿ ಉಗಾರದ ಬಸ್ ಸ್ಟ್ಯಾಂಡಿನ್ಯಾಗ ನಾಕೂ ಮಂದಿ ಮೊದಲನೇ ಸಲ ಒಬ್ಬರ ಮಾರಿ ಒಬ್ರು ನೋಡಿದ್ವಿ. ಖುಷಿಪಡಬೇಕಾದವ್ರು, ಸಾವಿನ ಮನಿಗೆ ಹೊಂಟವ್ರಂಗ ತಲಿ ಕೆಳಗ ಹಾಕ್ಕೊಂಡು ನಡದ್ವಿ. ಕಬ್ಬಿನ ಹೊಲಾ ದಾಟಿ ಮನಿ ಸಿಕ್ತು. ಕಟ್ಟಿಮ್ಯಾಲ ಅವರ ಆಯಿ, ಅಂದ್ರ ಅಜ್ಜಿ, ಮೆಣಸಿನಕಾಯಿ ತೊಟ್ಟ ಮುರಕೋತ ಕುಂತಿದ್ಲು. ನಮ್ಮ ಮಾರಿ ನೋಡಿದ್ಲು. ಕೈಯಾಗಿನ ಬುತ್ತಿ ಗಂಟ ನೋಡಿದ್ಲು. ಮೆಣಸಿನಕಾಯಿ ಬಾಜೂಕ ಸರಿಸಿ ತಲಿ ತುಂಬ ಸೆರಗ ಹೊದ್ಕೊಂಡ್ಲು.

‘ಯಾರ ಹೋದ್ರವಾ?’

‘ಅಂಬಿಗರಿ,’ ಅಂತ ರಾಯಬಾಗದಾಂವ ಬಾಯಿ ತಪ್ಪಿ ಅಂದಬಿಟ್ಟಾ.

ಆಯಿ ಮುಂದ ಏನೂ ಕೇಳಲಿಲ್ರಿ. ಧ್ವನಿ ತಗದ್ಲು! ‘ಹುಟ್ಟ ಹಿಡದ ಕೈಯೋ ನನ್ನಪ್ಪಾ… ಈ ದಂಡಿ ಮಂದೀನ ಆ ದಂಡಿಗೆ ಮುಟ್ಟಿಸಿದ್ಯೋ ನನ್ನಪ್ಪಾ… ನಿನ್ನ ಯಾರ ದಾಟಿಸಿದ್ರೋ…’ ಹಾಡ್ಯಾಡಿ ಅಳೂದಂದ್ರ ಹಂಗಿರತೈತಿ. ಆರ ತಿಂಗಳಾ ನಾ ಬರದದ್ದು ಒಂದ ತೂಕಾ, ಆಕಿ ಮೂರ ಸಾಲು ಒಂದ ತೂಕಾ. ನಿಪ್ಪಾಣಿಯಾಕಿ ಬಿಕ್ಕಿ ಬಿಕ್ಕಿ ಅತ್ಲು. ರಾಯಬಾಗದಾಂವ ಕಂಬಾ ಹಿಡದ ಅತ್ತಾ. ಬಾಜೂಮನಿ ಹೆಣ್ಮಕ್ಕಳು ಇಬ್ರು ಓಡಿ ಬಂದು, ಯಾರಂತ ಕೇಳದ, ಕುಂತು ಅಳಾಕತ್ರು. ಬಾಗಲದಾಗ ನಮ್ಮ ಉಗಾರದಾಕಿ ಬಂದ ನಿಂತ್ಲು, ಸೆರಗಿಲ್ಲ ಏನಿಲ್ಲ, ಕೈಲೆ ಬಾಯಿ ಮುಚಗೊಂಡು. ನಗಾಕತ್ತಾಳೋ ಅಳಾಕತ್ತಾಳೋ ನನಗ ತಿಳೀಲಿಲ್ಲ.

ಆಯಿ ತಟ್ನ ನಿಲ್ಲಿಸಿ ಮೂಗ ಒರಸಿಕೊಂಡ್ಲು. ‘ಹೆಂಗ ಹೋದಾ?’

‘ಹೊಳಿಗೆ ಪೂರಾ ಬಂದಿತ್ರಿ ಆಯಿ. ನಾವಿ ಮುಗಚಿ…’

‘ಯಾವಾಗ?’

ಕತ್ಯಾಗ ನಾವು ಮೊನ್ನೆ ಬಣ್ಣಾ ಆಡಿದ್ವಿ. ‘ಹೋಳಿ ಹುಣ್ಣಿವಿ ಆಗಿ ಮೂರ ದಿನಕ್ಕರಿ.’

ಆಯಿ ಸೆರಗ ಕೆಳಗ ಇಳೀತು. ‘ಹೋಳಿ ಆದಮ್ಯಾಲ ಎಲ್ಲಿ ಪೂರಾ ಬೇ? ಆವಾಗ ಎಮ್ಮಿ ನಡು ಹೊಳ್ಯಾಗ ನಿಂತ್ರ ಹೊಟ್ಟಿ ತೊಯ್ಯಂಗಿಲ್ಲ. ಮೊಣಕಾಲ ನೀರು!’

ಬಾಜೂಮನಿಯವ್ರು ಅಳೂದ ಬಿಟ್ಟು, ‘ಹೌದ ಮತ್ತ, ಮೊಣಕಾಲ ನೀರು’ ಅಂದ್ರು.

‘ಮೊಣಕಾಲ ನೀರಾಗ ಅಂಬಿಗ ಮುಳುಗಿದ್ನಾ? ಯಾರ ಹೇಳಿದ್ರ ನಿನಗ?’

‘ನಾನ… ನಾನ ಬರದೇನ್ರಿ,’ ಅಂದ್ನಿ. ಎಲ್ಲಾ ಹೇಳಿದ್ನಿ, ಮೊಬೈಲು, ಕತಿ, ಕವಡಿ, ಆರ ದಿನದ ಅಂಜಿಕಿ, ಒಂದ ಉಸರಿನ್ಯಾಗ. ಬಡಿಗಿ ತಗೋತಾಳ ಇನ್ನ ಅಂತ ಕಣ್ಣ ಮುಚಗೊಂಡ್ನಿ.

‘ಕತಿ ಕಟ್ಟಬ್ಯಾಡ ಅನ್ನಂಗಿಲ್ಲ ನಾ,’ ಅಂದ್ಲು ಆಯಿ. ‘ಹೊಳಿ ನೋಡಿ ಕಟ್ಟಬೇಕಿಲ್ಲೋ?’

ಆವಾಗ ಬಾಗಲದಾಗಿನಾಕಿ ಬಾಯಿ ಬಿಟ್ಲು. ಆರ ದಿನದ್ದೂ ಕೂಡೇ ಬಂತು. ‘ಅದನ್ನರಿ! ಸತ್ತದ್ದಕ್ಕ ನನಗ ಸಿಟ್ಟಿಲ್ಲ ಅಡ್ಮಿನ್ ಅಕ್ಕಾ. ಕವಡಿ ಬಿತ್ತು, ಸತ್ತಾ, ಆತು. ಆದ್ರ ಎಂಬತ್ತ ವರ್ಷ ಹೊಳ್ಯಾಗ ಇದ್ದಾಂವನ್ನ ಮೊಣಕಾಲ ನೀರಾಗ ಮುಳುಗಿಸಿದ್ರಲ್ಲ! ಮರ್ಯಾದಿ ಏನ ಉಳೀತ ನನ್ನ ಅಂಬಿಗಂದು? ಗ್ರೂಪ್ ಬಿಡಬೇಕಂತ ದಿನಾ ಒತ್ತಾಕ ಹೋಗೇನಿ.’

‘ಒತ್ತಿದ್ಯಾ?’ ಅಂದ್ನಿ.

‘ಬೈಯೂದ ಉಳದಿತ್ತಲ್ಲ, ಬಿಟ್ಟಮ್ಯಾಲ ಹೆಂಗ ಬೈಲಿ?’

‘ಅಂಬಿಗ ಸತ್ತಿಲ್ಲ!’ ಅಂತ ನಾ ಕಟ್ಟಿಮ್ಯಾಲನ ಒದರಿದ್ನಿ. ‘ನೀರ ಇದ್ದಿಲ್ಲ, ಮುಳುಗಿಲ್ಲ, ಬದಕ್ಯಾನ!’ ಅಥಣಿಯಾಂವ ಖರೇ ಐತಿ ಅಂದಾ, ಎಲ್ಲಾರೂ ಹೂಂ ಅಂದ್ರು, ಬಾಜೂಮನಿಯವ್ರೂ ‘ಬದಕಲಿ ತಗೋ ಪಾಪ’ ಅಂದ್ರು. ನನಗ ಆರ ದಿನದಾಗ ಮೊದಲನೇ ಸಲ ಹಸಿವಾತು.

ಆಯಿ ಮಾತ್ರ ಬುತ್ತಿ ಗಂಟಿನ ಕಡೆ ನೋಡಕೋತ ಕುಂತಿದ್ಲು. ‘ಅವಾ ಬದಕಿದಾ, ಛಲೋ ಆತು. ಆದ್ರ ಬುತ್ತಿ ಹೊಸ್ತಿಲಕ್ಕ ಬಂದೈತಿ, ಇಷ್ಟ ಮಂದಿ ಅತ್ತೇವಿ. ಸುಮ್ಮಸುಮ್ನ ಅತ್ರ ಆಗಿಬರೂದಿಲ್ಲ. ಯಾರರ ಒಬ್ರ ಹೋಗಬೇಕವಾ.’

ಎಲ್ಲಾರೂ ಒಮ್ಮೆಲೆ ನನ್ನ ಕಡೆ ನೋಡಿದ್ರು. ಉಗಾರದಾಕಿ ಮೊಬೈಲ್ ತಗದ್ಲು, ಟಕಟಕ ಒತ್ತಿದ್ಲು, ನನ್ನ ಉಡ್ಯಾಗಿನ ಫೋನ್ ಟಿಂಗ್ ಅಂತು. ಆರ ದಿನದ ಮ್ಯಾಲ ಆಕಿ ಮೊದಲ ಮೆಸೇಜ್: ‘ಅಂಬಿಗನನ್ನು ಹುಡುಕಲು ಸೇನಾಪತಿ ಹೊಳೆಗೆ ಇಳಿದಳು. ಮೊಣಕಾಲು ನೀರಿತ್ತು. ಕಾಲು ಜಾರಿತು. ಸತ್ತಳು.’

‘ಏ ಏ ಏ! ಆಯಿ, ನೀವ ಹೇಳ್ರಿ ಈಗ! ಮೊಣಕಾಲ ನೀರಾಗ ಸೇನಾಪತಿ ಹೆಂಗ ಸಾಯ್ತಾಳ್ರಿ?’

ಆಯಿ ಗಂಟ ಬಿಚ್ಚಿ ರೊಟ್ಟಿ ಹಂಚಾಕತ್ತಿದ್ಲು. ನನ್ನ ತಲಿಯಿಂದ ಕಾಲ ತನಕ ಒಮ್ಮಿ ನೋಡಿದ್ಲು.

‘ಯಾವೂರಾಕಿ ಅಂದಿ? ಚಿಕ್ಕೋಡಿ ಅಲ್ಲಾ? ಊರಾಗ ಹೊಳಿನ ಇಲ್ಲ. ಸಾಯ್ತಾಳ ತಗೋ.’